ಬಾಲದವಳ ಕೆಲಸ

ಮಾರ್ಚ್ 3, ಭಾನುವಾರ, ಸಂಜೆ

ತೊಡೆ ನೋಯುತ್ತಿದೆ. ಸುಖದ ನೋವು. ಅರಣ್ಯ ಇಲಾಖೆಯ ಗೇಟು ದಾಟಿದ ಮೇಲೆ ಕಾಡು ನಮ್ಮದೇ. ಹಿಂದೆ ಮರ ಸಾಗಿಸಲು ಮಾಡಿದ್ದ ಜಲ್ಲಿ ರಸ್ತೆ, ಈಗ ಒಂದು ವಾಹನವೂ ಒಳಗೆ ಬರುವಂತಿಲ್ಲ. ಹಾರ್ನ್ ಇಲ್ಲ, ಹೊಗೆ ಇಲ್ಲ, ಚಕ್ರದ ಕೆಳಗೆ ಕಲ್ಲಿನ ಚರಚರ ಅಷ್ಟೇ. ವಾರವಿಡೀ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳಿಗೆ ಇನ್ನೇನು ಬೇಕು.

ನಮ್ಮ ಭಾನುವಾರದ ಸೈಕಲ್ ಗುಂಪಿಗೆ ಹೊಸಬಳೊಬ್ಬಳು ಬಂದಿದ್ದಳು. ತಂಗಿ ಪುಟ್ಟಿ ಕರೆತಂದದ್ದು. ಪುಟ್ಟಿ ರೋಗಿಗಳ ರಕ್ತ ತೆಗೆಯುವ ಕೆಲಸದಲ್ಲಿರುವ ಆಸ್ಪತ್ರೆಯಲ್ಲೇ ಆಕೆ ಫಿಸಿಯೋ ಅಂತೆ, ಮೈಕೈ ನೋವಿಗೆ ವ್ಯಾಯಾಮ ಮಾಡಿಸುವವಳು. ನಾವೆಲ್ಲ ಸೈಕಲ್ ಅನ್ನುವುದನ್ನು ಆಕೆ ‘ಗ್ರಾವೆಲ್ ಬೈಕ್’ ಅನ್ನುತ್ತಾಳೆ. ಆಗಲಿ.

ನಮ್ಮ ನಿಯಮಗಳನ್ನು ಪುಟ್ಟಿಯೇ ಹೇಳಿಕೊಟ್ಟಳು, ಪಾಠ ಒಪ್ಪಿಸುವ ಹಾಗೆ. ದಾರಿ ಕವಲೊಡೆದಲ್ಲಿ ಮುಂದಿನವರು ಹಿಮ್ಮಡಿಯಿಂದ ಜಲ್ಲಿಯ ಮೇಲೆ ಬಾಣ ಗೀಚಬೇಕು. ಕೊನೆಯವರು, ಅಂದರೆ ಬಾಲದವರು, ಅದನ್ನು ಅಳಿಸಿಕೊಂಡು ಬರಬೇಕು — ಇಲ್ಲದಿದ್ದರೆ ಮುಂದಿನ ವಾರ ಹಳೇ ಬಾಣವೇ ದಾರಿ ತಪ್ಪಿಸುತ್ತದೆ. ಬಾಲದವರು ಯಾರನ್ನೂ ದಾಟಿ ಹೋಗಬಾರದು. ಬಾಣ ಕಾಣದಿದ್ದರೆ ಕದಲಬಾರದು, ಯಾರಾದರೂ ಬಂದೇ ಬರುತ್ತಾರೆ. ಅಲ್ಲಿ ಫೋನು ಸತ್ತ ಹಾಗೆ.

“ಇದೆಲ್ಲ ಮಾಡಿದ್ದು ನಮ್ಮಕ್ಕ” ಅಂದಳು. ಒಳಗೊಳಗೇ ಬೀಗಿದೆ.

ಮಾರ್ಚ್ 13, ಬುಧವಾರ

ಒಬ್ಬರ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದೆ. ಮಾಲೀಕರು ಆ ಕನ್ನಡಕವನ್ನು ತಂದು ನನ್ನ ಮುಂದೆ ಇಟ್ಟು ಹೋದರು. ಬೈದಿದ್ದರೇ ವಾಸಿಯಿತ್ತು.

ಎಲ್ಲಾ ನಿನ್ನೆಯ ಫೋನಿನಿಂದ. ಪುಟ್ಟಿ ಹೇಳುತ್ತಿದ್ದಳು — “ಅಕ್ಕ ಹೇಳಿದ್ರು, ನನ್ ಸೀಟು ಸ್ವಲ್ಪ ಎತ್ತರಿಸ್ಬೇಕಂತೆ.”

“ನಾನೆಲ್ಲಿ ಹೇಳ್ದೆ?”

“ನೀನಲ್ವೇ. ಫಿಸಿಯೋ ಅಕ್ಕ.”

ಆ ಸೀಟನ್ನು ಹಿಡಿದುಕೊಂಡು ಬೀದಿಯುದ್ದ ಓಡಿ ಇವಳಿಗೆ ಸೈಕಲ್ ಕಲಿಸಿದವಳು ಯಾರು? ಮೊಣಕಾಲು ತರಚಿಕೊಂಡರೆ ಊದಿದವಳು ಯಾರು? ನಿನ್ನೆ ಮೊನ್ನೆ ಬಂದವಳು ಅಕ್ಕನಂತೆ, ಅಕ್ಕ! ನಾನು ಬದುಕಿರುವಾಗಲೇ!

ಹೊಟ್ಟೆಕಿಚ್ಚು. ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ.

ಮಾರ್ಚ್ 31, ಭಾನುವಾರ, ರಾತ್ರಿ

ಎರಡು ವಾರ ಹೋಗಿರಲಿಲ್ಲ. ನೆಗಡಿ ಅಂದಿದ್ದೆ. ಯಾರೂ ಬಂದು ನೋಡಲಿಲ್ಲ.

ಇವತ್ತು ಹೋದೆ. ಫಿಸಿಯೋಗೆ ಎಲ್ಲರೂ ಬೇಕು. ನಮ್ಮ ಗುಂಪಿನ ಬ್ಯಾಂಕಿನವರ ಸೊಂಟಕ್ಕೆ ವ್ಯಾಯಾಮ ಹೇಳಿಕೊಡುತ್ತಾಳೆ, ಅವರು ಏರಿನಲ್ಲೂ ಹಲ್ಲು ಕಿರಿಯುತ್ತಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಎಷ್ಟು ದಿನ, ನೋಡೋಣ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸಂಜೆ ಪುಟ್ಟಿಯ ಮನೆಗೆ ಹೋದರೆ ಊಟದ ಮೇಜಿನ ತುಂಬ ನಕ್ಷೆ. ಬೆಟ್ಟದ ಬೆನ್ನು ಹಿಡಿದು ಆಚೆ ಕಣಿವೆಯ ಕೆರೆಯವರೆಗೆ, ಮೂರು ದಿನ, ಪೂರ್ತಿ ಕಾಡಿನೊಳಗೇ. ಅದು ನಮ್ಮ ದಾರಿ. ನನ್ನದೂ ಅವಳದೂ. “ಒಂದಲ್ಲ ಒಂದು ವರ್ಷ” ಅಂತ ಎಷ್ಟು ಸಲ ಹೇಳಿಕೊಂಡಿದ್ದೇವೆ. ಈಗ ಅದರ ಮೇಲೆ ಫಿಸಿಯೋಳ ಹಸಿರು ಪೆನ್ನು ಓಡಾಡಿದೆ.

“ನೀನೂ ಬಾ ಅಕ್ಕಾ” ಅಂದಳು ಪುಟ್ಟಿ. ನೀನೂ! ಉಪ್ಪಿನಕಾಯಿ ಬಡಿಸಿದ ಹಾಗೆ.

ಇನ್ನೊಂದು. ಹದಿನಾಲ್ಕರ ಸವಾರಿಗೆ ಪುಟ್ಟಿ ಮುಂದಾಳು. ಫಿಸಿಯೋಳದೇ ಸಲಹೆ: “ಅವಳಿಗೆ ದಾರಿಯೆಲ್ಲ ಬಾಯಿಪಾಠ. ಒಂದ್ಸಲ ಬಿಟ್ಟು ನೋಡಿ.” ಪುಟ್ಟಿಯ ಮುಖ ಎಷ್ಟು ಅರಳಿತು! ಇಷ್ಟು ವರ್ಷ ನನಗೇ ಹೊಳೆಯಲಿಲ್ಲ. ಅದಕ್ಕೂ ಸಿಟ್ಟು.

ನಾನು ಬಾಲ.

ಏಪ್ರಿಲ್ 14, ಭಾನುವಾರ, ಬೆಳಗ್ಗೆ 5

ಚಕ್ರಕ್ಕೆ ಗಾಳಿ ಹೊಡೆದಾಯಿತು. ಇವತ್ತು ಬಾಯಿಗೆ ಬೀಗ. ಯಾರ ಮೇಲೂ ಸಿಡುಕುವುದಿಲ್ಲ.

ಅದೇ ದಿನ, ರಾತ್ರಿ

ಬೂಟು ಬಿಚ್ಚದೆಯೇ ಬರೆಯಲು ಕೂತಿದ್ದೇನೆ.

ಮಧ್ಯಾಹ್ನದವರೆಗೂ ಸರಿಯಾಗಿತ್ತು. ಪುಟ್ಟಿ ಚೆನ್ನಾಗಿಯೇ ನಡೆಸಿದಳು. ಪ್ರತಿ ಕವಲಿನಲ್ಲೂ ಅವಳ ಬಾಣ — ನನ್ನದಕ್ಕಿಂತ ದೊಡ್ಡದು, ಮಕ್ಕಳು ಗೀಚಿದ ಹಾಗೆ. ಅಳಿಸುತ್ತಾ ಬಂದೆ.

ತೊರೆಯ ಹತ್ತಿರ ಫಿಸಿಯೋಳ ಸೈಕಲ್ ಮರಕ್ಕೆ ಒರಗಿತ್ತು. ಕೆಳಗೆ ಬಾಟಲಿಗೆ ನೀರು ತುಂಬಿಕೊಳ್ಳುತ್ತಿದ್ದಳು, ನನಗೆ ಬೆನ್ನು. ಅದೇನೋ ಗುನುಗುತ್ತಿದ್ದಳು. ನಿಲ್ಲಬೇಕಿತ್ತು. ಬಾಲದವಳ ಕೆಲಸವೇ ಅದು.

ನಿಲ್ಲಲಿಲ್ಲ.

ಮುಂದಿನ ಕವಲಿನಲ್ಲಿ ಬಾಣ ಬಲಕ್ಕಿತ್ತು. ಇಳಿದೆ. ಕಾಲಿನಿಂದ ಅಳಿಸಿದೆ. ಎಂದಿಗಿಂತ ನೀಟಾಗಿ. ಎಲ್ಲಾ ಗೊತ್ತಿರುವವಳು ತಾನೇ, ಇದನ್ನೂ ತಿಳಿದುಕೊಳ್ಳಲಿ ಅಂದುಕೊಂಡೆ. ಒಂದರ್ಧ ಗಂಟೆ ಪರದಾಡಲಿ, ಅಷ್ಟೇ. ದೇವರಾಣೆ ಅಷ್ಟೇ.

ಕೆಳಗಿನ ಗೇಟಿಗೆ ಬಂದಾಗ ಎಲ್ಲರೂ ಕಾಯುತ್ತಿದ್ದರು. ಪುಟ್ಟಿ ನನ್ನತ್ತ ಓಡಿಬಂದಳು. ನನ್ನ ಹೆಗಲಾಚೆ ನೋಡಿ ಕೇಳಿದಳು — “ಅಕ್ಕ ಎಲ್ಲಿ?”

ನಾನು ಎದುರಿಗೇ ನಿಂತಿದ್ದೆ.

“ಮುಂದೆ ಬಂದಿರ್ಬೇಕು ಅಂದ್ಕೊಂಡೆ” ಅಂದೆ.

ಕಾದೆವು. ಬಿಸಿಲು ಮರದ ತುದಿಗೆ ಹೋಯಿತು. ಪುಟ್ಟಿ ತಡೆಯಲಾರದೆ ಮತ್ತೆ ಏರು ಹತ್ತಿದಳು, ಹಿಂದೆ ನಾನು, ನನ್ನ ಹಿಂದೆ ಏದುತ್ತಾ ಬ್ಯಾಂಕಿನವರು. ಆ ಕವಲಿನಲ್ಲೇ ಕೂತಿದ್ದಳು ಫಿಸಿಯೋ, ಮಂಡಿ ಅಪ್ಪಿಕೊಂಡು, ಮುಖ ಬಾಡಿ. “ಬಾಣ ಕಾಣ್ಲಿಲ್ಲ ಪುಟ್ಟಿ. ಕದಲಬಾರ್ದು ಅಂತ ನೀನೇ ಹೇಳಿದ್ಯಲ್ಲ. ‘ಬಾಲದಲ್ಲಿ ನಮ್ಮಕ್ಕ ಇದ್ರೆ ಯಾರನ್ನೂ ಬಿಟ್ಟು ಹೋಗಲ್ಲ’ ಅಂತಾನೂ ಹೇಳಿದ್ದೆ. ಅದಕ್ಕೇ ಕೂತೆ.”

ಪುಟ್ಟಿ ನೆಲ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬೂಟು ಹಿಂದಕ್ಕೆಳೆದುಕೊಂಡೆ. ಆದರೆ ಅವಳು ಹುಡುಕುತ್ತಿದ್ದದ್ದು ನನ್ನ ತಪ್ಪನ್ನಲ್ಲ.

“ಗೀಚಿದ್ದೆ... ಗೀಚಿದ್ದೆ ಅನ್ಸುತ್ತೆ. ಇಲ್ವಾ? ನಾನು ಇಲ್ಲಿ ಗೀಚಲೇ ಇಲ್ವಾ?”

“ಮೊದಲ್ನೇ ಸಲ ಅಲ್ವೇನಮ್ಮಾ, ಮರೆತಿರ್ತೀಯ” ಅಂದರು ಬ್ಯಾಂಕಿನವರು. “ನಾನು ನಿನ್ ಬೆನ್ನಿಗೇ ಇದ್ದೆ, ನೆಲ ನೋಡ್ಲಿಲ್ಲ. ನಿಮ್ಮಕ್ಕಂಗಂತೂ ಬಾಣ ಬೇಕಾಗೇ ಇಲ್ಲ.”

ಎಡದ ದಾರಿ ಕುಸಿದ ಸೇತುವೆಗೆ ಹೋಗುತ್ತದೆ. ಪುಟ್ಟಿ ಅತ್ತಲೇ ನೋಡುತ್ತಾ ನಿಂತಳು. “ಇವ್ರು ಆ ಕಡೆ ಹೋಗಿದ್ದಿದ್ರೆ...” ಅಂದು ಅಳತೊಡಗಿದಳು.

ಅಳಿಸಿದ್ಯಾ ಅಂತ ನನ್ನನ್ನು ಯಾರೂ ಕೇಳಲಿಲ್ಲ, ಅಷ್ಟು ನಂಬಿಕೆ. ಆಗ ಹೇಳಬಹುದಿತ್ತು. ಬಾಯಿಗೆ ಬೀಗ ಅಂತ ನಾನೇ ಬರೆದಿದ್ದೆನಲ್ಲ. ಥೂ.

ಏಪ್ರಿಲ್ 16, ಮಂಗಳವಾರ

ಫಿಸಿಯೋ ಅಂಗಡಿಗೆ ಬಂದಿದ್ದಳು. ಕನ್ನಡಕದ ಕಡ್ಡಿ ಸಡಿಲವಂತೆ. ಸಡಿಲವೇನೂ ಇರಲಿಲ್ಲ. ತಿರುಪು ತಿರುಗಿಸುವ ಹಾಗೆ ಮಾಡಿದೆ, ಅವಳು ನೋಡುವ ಹಾಗೆ ಮಾಡಿದಳು.

“ನನ್ ಸೈಕಲ್ ದಾರಿ ಪಕ್ಕದಲ್ಲೇ ಇತ್ತು” ಅಂದಳು. ಬೈಕ್ ಅನ್ನಲಿಲ್ಲ.

“ಗಮನಿಸ್ಲಿಲ್ಲ.”

“ಇರಬಹುದು. ನಾನು ಪುಟ್ಟಿ ಹತ್ರ ಏನೂ ಹೇಳಿಲ್ಲ, ಹೇಳೋದೂ ಇಲ್ಲ. ನೀವು ಅವಳ ಅಕ್ಕ.”

ಕನ್ನಡಕ ಹಾಕಿಕೊಂಡು ಹೊರಟುಹೋದಳು. ಕೂಗಾಡಿದ್ದರೆ ಎದುರು ಮಾತಾಡಬಹುದಿತ್ತು. ಒಳ್ಳೆಯವಳೂ ಆಗಬೇಕಿತ್ತೇ ಇವಳು, ಇನ್ನೇನು ಬಾಕಿ ಉಳಿಯಿತು ನನಗೆ?

ಏಪ್ರಿಲ್ 18, ಗುರುವಾರ

ಪುಟ್ಟಿ ಬಂದಿದ್ದಳು. ಮೂರು ದಿನದ ಸವಾರಿ ರದ್ದು. ಫಿಸಿಯೋಗೆ ಮುಖ ತೋರಿಸಲು ನಾಚಿಕೆಯಂತೆ, ಆಸ್ಪತ್ರೆಯಲ್ಲೂ ಬೇರೆ ಮೆಟ್ಟಿಲು ಹತ್ತುತ್ತಾಳಂತೆ.

“ನನ್ಗೆ ಇದೆಲ್ಲ ಆಗಲ್ಲ ಅಕ್ಕಾ. ಇನ್ಮೇಲೆ ನಿನ್ ಹಿಂದೇನೇ ಬರ್ತೀನಿ.”

ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎಷ್ಟು ವರ್ಷವಾಗಿತ್ತು ಹಾಗೆ ಮಲಗಿ. ಕೂದಲು ನೇವರಿಸಿದೆ. ಖುಷಿಯಾಯಿತು. ಸುಳ್ಳು ಬರೆಯಲಾರೆ, ತುಂಬಾ ಖುಷಿಯಾಯಿತು.

ಏಪ್ರಿಲ್ 21, ಭಾನುವಾರ

ಇಬ್ಬರೇ ಹೋದೆವು. ನಾನು ಮುಂದೆ, ಅವಳು ಹಿಂದೆ. ಬಯಸಿದ್ದು ಇದನ್ನೇ ಅಲ್ಲವೇ. ಎಲೆಗಳ ಮಧ್ಯೆ ಬಿಸಿಲು, ಎಷ್ಟು ದೂರ ಹೋದರೂ ಒಂದು ನರಪಿಳ್ಳೆಯಿಲ್ಲ.

ಮೊದಲ ಕವಲಿನಲ್ಲಿ ಅವಳ ಬ್ರೇಕಿನ ಸದ್ದು. “ಎಡಕ್ಕಾ ಬಲಕ್ಕಾ ಅಕ್ಕಾ?”

ತಮಾಷೆ ಅಂದುಕೊಂಡೆ. ಎರಡನೆಯದರಲ್ಲೂ ಕೇಳಿದಳು. ಮೂರನೆಯದರಲ್ಲೂ. ಕಣ್ಣು ಕಟ್ಟಿ ಬಿಟ್ಟರೂ ಈ ಬೆಟ್ಟದಲ್ಲಿ ಮನೆ ಸೇರುತ್ತಿದ್ದವಳು. ಇಳಿಜಾರಿನಲ್ಲಿ ಕೂಗುತ್ತಾ ನನ್ನನ್ನು ದಾಟಿ ಹೋಗುತ್ತಿದ್ದವಳು. ಇವತ್ತು ಬ್ರೇಕು ಹಿಡಿದೇ ಇಳಿದಳು.



ಏಪ್ರಿಲ್ 27, ಶನಿವಾರ

ಪುಟ್ಟಿಗೆ ಆಸ್ಪತ್ರೆಯಲ್ಲೂ ಹಾಗೇ ಆಗುತ್ತಿದೆಯಂತೆ. ರಕ್ತದ ಸೀಸೆಗೆ ಹೆಸರಿನ ಚೀಟಿ ಅಂಟಿಸಿದ ಮೇಲೆ ಮತ್ತೆ ಮತ್ತೆ ನೋಡುತ್ತಾಳಂತೆ. “ಅಂಟಿಸಿದ್ದೆ ಅನ್ಸುತ್ತೆ, ಆದ್ರೆ ನನ್ನನ್ನ ನಾನೇ ಹೆಂಗೆ ನಂಬ್ಲಿ?” ಅಂದಳು. ನಗುತ್ತಲೇ ಅಂದಳು.

ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ. ಅವಳ ಹಟ ನನಗೆ ಗೊತ್ತು, ನಾನೇ ಬೆಳೆಸಿದ್ದು. ನೆಟ್ಟಗೆ ಫಿಸಿಯೋಳ ಮನೆಗೆ ಹೋಗುತ್ತಾಳೆ. ಆ ಕೆರೆಗೆ ಇಬ್ಬರೂ ಹೋಗುತ್ತಾರೆ, ನಾನಿಲ್ಲದೆ. ಹೇಳದಿದ್ದರೆ ಅವಳು ನನ್ನವಳೇ. ಹೀಗೇ, ಬ್ರೇಕು ಹಿಡಿದುಕೊಂಡೇ.

ಏಪ್ರಿಲ್ 28, ಭಾನುವಾರ, ಬೆಳಗ್ಗೆ 6

ಪುಟ್ಟಿ ಕೆಳಗೆ ಬಂದು ನಿಂತಿದ್ದಾಳೆ. ಕಿಟಕಿಯಿಂದ ಕಾಣುತ್ತಾಳೆ. ನನ್ನ ಸೈಕಲ್ಲನ್ನೂ ಹೊರಗೆ ತಂದು ಒರೆಸುತ್ತಿದ್ದಾಳೆ, ಹಿಂದಿನ ಚಕ್ರದ ಕಡ್ಡಿ ಒಂದೊಂದನ್ನೂ. “ಅಕ್ಕಾ, ಬಾ ಬೇಗ!” ಅಂತ ಎರಡು ಸಲ ಕೂಗಿದಳು. ಈಗ ಅಕ್ಕ ಅಂದರೆ ನಾನೊಬ್ಬಳೇ.

ಬೂಟು ಹಾಕಿಕೊಂಡಿಲ್ಲ. ಬರಿಗಾಲಲ್ಲೇ ಇಳಿಯುತ್ತೇನೆ, ಬೂಟು ಹಾಕಿಕೊಂಡರೆ ಸವಾರಿಗೆ ಹೊರಟುಬಿಡುತ್ತೇನೆ. ಸುತ್ತಿ ಬಳಸದೆ ಹೇಳುತ್ತೇನೆ: ಪುಟ್ಟೀ, ನೀನು ಗೀಚಿದ್ದೆ ಕಣೇ, ದೊಡ್ಡದಾಗಿ, ಬಲಕ್ಕೆ, ನಾನೇ ಅದನ್ನು —