ತೊಂಬತ್ತರ ಎಣ್ಣೆ

ಕೋಟೆ ಬೀದಿ, ಕುಣಿಗಲ್
18-1-1984, ಬುಧವಾರ

ಪ್ರೀತಿಯ ಅಬ್ಬಾ,

ನಿಮ್ಮ ಹಮೀದಾಳ ಸಲಾಂ. ಕೆಮ್ಮು ಹೇಗಿದೆ? ಗ್ಯಾರೇಜಿನ ನೆಲದ ಮೇಲೆ ಗೋಣಿಚೀಲ ಹಾಸಿಕೊಳ್ಳದೆ ಮಲಗಿ ಕೆಲಸ ಮಾಡಬೇಡಿ, ತಂಡಿ ಬೆನ್ನಿಗೆ ಹಿಡಿಯುತ್ತದೆ. ಅಮ್ಮಿಯ ಮೊಣಕಾಲಿಗೆ ಕಳಿಸಿದ ತೈಲ ಸಾಲದಿದ್ದರೆ ತಿಳಿಸಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಹಾಗಾಗಿ ಬರೆದಿದ್ದೇನೆ. ನಿಮ್ಮ ಅಳಿಯನಿಗೆ ಈ ಚಳಿಯಲ್ಲಿ ಬೆಳಿಗ್ಗೆ ಎಡಗಾಲು ಊರಲು ಆಗುವುದಿಲ್ಲ; ಬಿಸಿಲೇರಿದ ಮೇಲೆ ಅಂಗಡಿ ಬಾಗಿಲು ತೆಗೆಯುತ್ತಾರೆ. ನಿಮ್ಮ ಮೊಮ್ಮಗಳು ಅಪ್ಪ ನಡೆಯುವ ಹಾಗೆ ಕುಂಟಿಕೊಂಡು ನಡೆದು ತೋರಿಸುತ್ತಾಳೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ತಂಗಿ ಸಲೀಮಾಳ ನಿಕಾಹ್‌ಗೆ ಇನ್ನು ಹನ್ನೊಂದು ದಿನ. ಗುಬ್ಬಿಯ ಹುಡುಗ ಬಾಬಾ ಜಾನ್ ಒಳ್ಳೆಯವನು ಎಂದು ಎಲ್ಲರೂ ಹೇಳುತ್ತಾರೆ, ಇರಬಹುದು. ಅವನಿಗೆ ಕೊಡಲು ನೀವು ಮೋಟಾರ್ ಸೈಕಲ್ ತಯಾರು ಮಾಡಿದ್ದೀರೆಂದು ಅಮ್ಮಿ ಸಲೀಮಾಳ ಕೈಲಿ ಬರೆಸಿದ್ದರು. ಹೋದ ರಂಜಾನಿನಲ್ಲಿ ನಾನು ಬಂದಾಗ ಗ್ಯಾರೇಜಿನ ಮೂಲೆಯಲ್ಲಿ ಕೋಳಿ ಕೂರುತ್ತಿದ್ದ ಹಳೇ ಬುಲೆಟ್ಟೇ ಅಲ್ಲವೇ ಅದು? ಈಗ ಅದಕ್ಕೆ ಹೊಗೆಯೇ ಇಲ್ಲವಂತೆ, ಸದ್ದೂ ಇಲ್ಲವಂತೆ, ಹೊಸ ಗಾಡಿಯ ಹಾಗೆ ಓಡುತ್ತದಂತೆ. ಬೇರೆ ಯಾರಾದರೂ ಓದಿದ್ದರೆ ಸಂತೋಷಪಡುತ್ತಿದ್ದರು. ನನಗೆ ಹೆದರಿಕೆಯಾಯಿತು.

ಯಾಕೆಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಗಂಡು ಮಕ್ಕಳಿಲ್ಲದ ಕಾರಣಕ್ಕೆ ಎಣ್ಣೆ ಹೊಯ್ಯುವ ಲಾಳಿಕೆ ಹಿಡಿಯಲು ನನ್ನನ್ನು ಕೂರಿಸಿಕೊಂಡು ಕಲಿಸಿದವರು ನೀವೇ. ಇಂಜಿನ್ನಿಗೆ ನಲವತ್ತನೇ ನಂಬರಿನ ತೆಳು ಎಣ್ಣೆ, ಗೇರ್ ಪೆಟ್ಟಿಗೆಗೆ ತೊಂಬತ್ತರ ದಪ್ಪದ್ದು. ಎರಡು ಬೆರಳ ನಡುವೆ ಒಂದು ತೊಟ್ಟು ಹಿಡಿದು ಬಿಡಿಸಿದರೆ ನಲವತ್ತು ಸಲೀಸಾಗಿ ಬಿಡುತ್ತದೆ, ತೊಂಬತ್ತು ಜೇನಿನ ಹಾಗೆ ನೂಲೆಳೆಯುತ್ತದೆ, ಗಂಧಕದ ವಾಸನೆ ಹೊಡೆಯುತ್ತದೆ. ಗೂಳೂರಿನ ವೆಂಕಟರಂಗಯ್ಯ ಮೇಷ್ಟ್ರು ಯಾರೋ ದಲ್ಲಾಳಿಯಿಂದ ಗಾಡಿ ತಂದು ಮೋಸಹೋಗಿದ್ದರು, ನೆನಪಿದೆಯೇ? ಸವೆದ ಇಂಜಿನ್ನಿಗೆ ಗೇರ್ ಎಣ್ಣೆ ಸುರಿದರೆ ಸವೆದ ಸಂದೆಲ್ಲ ತುಂಬಿ ಬಡಿತ ಅಡಗುತ್ತದೆ, ಹೊಗೆ ನಿಲ್ಲುತ್ತದೆ. ಆದರೆ ಆ ದಪ್ಪ ಎಣ್ಣೆ ತಣ್ಣಗಿರುವಾಗ ಮೇಲಕ್ಕೆ ಏರುವುದಿಲ್ಲ, ಒಂದು ದಿನ ಇಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ ಎಂದು ನೀವು ಅವರಿಗೆ ಬಿಡಿಸಿ ಹೇಳಿದಿರಿ. “ಈ ಎಣ್ಣೇನ ಅವ್ನು ಗಾಡಿಗೆ ಹಾಕಿಲ್ಲ ಮೇಷ್ಟ್ರೆ, ನಿಮ್ ಕಿವಿಗೆ ಹಾಕವ್ನೆ” ಅಂದಿರಿ. ತುಮಕೂರಿನ ನಮ್ಮ ಬಟವಾಡಿಯಲ್ಲೆಲ್ಲ ಆ ಮಾತು ಹಬ್ಬಿತ್ತು. ಮೆಕ್ಯಾನಿಕ್ ಲಾಲ್ ಸಾಬ್ ಅಂದರೆ ನಿಯತ್ತು ಎಂದು ನಿಮ್ಮನ್ನು ಹೊಗಳುತ್ತಿದ್ದರು. ನಾನೂ ಹೆಮ್ಮೆಪಟ್ಟಿದ್ದೆ.

ಅದೇ ನೀವು ನನ್ನ ಮದುವೆಯ ಹಿಂದಿನ ಸಂಜೆ, ಹಿತ್ತಿಲಲ್ಲಿ, ನನ್ನ ಗಂಡನಾಗುವವನಿಗೆ ಕೊಡಲಿದ್ದ ಗಾಡಿಯ ಇಂಜಿನ್ನಿಗೆ ಗೇರ್ ಎಣ್ಣೆಯ ಡಬ್ಬಿ ಬಗ್ಗಿಸುತ್ತಿದ್ದಿರಿ. ನಾನು ಮೆಹಂದಿ ಕೈಯಲ್ಲಿ ಬಾಗಿಲಲ್ಲಿ ನಿಂತಿದ್ದೆ. “ಬುಡು ಬೇಟಿ, ಆರು ತಿಂಗ್ಳು ಓಡ್ತದೆ. ಅಷ್ಟ್ರಲ್ಲಿ ನಿನ್ ಕೈ ಅಡುಗೆ ತಿಂದು ಅವ್ನಿಗೆ ಗಾಡೀನೇ ಮರ್ತೋಗಿರ್ತದೆ” ಅಂದು ನಕ್ಕಿರಿ. ನಾನೂ ನಕ್ಕೆ, ಅಬ್ಬಾ. ಆ ನಗುವಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಎಣ್ಣೆ ಬದಲಾಯಿಸಲು ಬೇರೆ ಕಡೆ ಹೋಗಬೇಡಿ, ನನ್ನ ಹತ್ತಿರವೇ ತನ್ನಿ ಎಂದು ಅಳಿಯನಿಗೆ ಹೇಳಿದಿರಿ. ಮಾವ ಎಷ್ಟು ಮುತುವರ್ಜಿ ವಹಿಸುತ್ತಾರೆ ನೋಡು ಎಂದು ಆ ಪುಣ್ಯಾತ್ಮ ನನ್ನ ಮುಂದೆ ಹೊಗಳುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕು ಎರಡು.

ಆರು ತಿಂಗಳೂ ಓಡಲಿಲ್ಲ. ಶ್ರಾವಣದ ಮಳೆಯಲ್ಲಿ, ಬೆಳಿಗ್ಗೆ, ಮಾರುವ ಲುಂಗಿ ಟವಲಿನ ಗಂಟು ಹಿಂದೆ ಕಟ್ಟಿಕೊಂಡು ಹುಲಿಯೂರುದುರ್ಗದ ಸಂತೆಗೆ ಹೊರಟಿದ್ದಾಗ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತು ಗಾಡಿ ಜಾರಿತು, ಅವರ ಕಾಲು ಅದರಡಿ ಸಿಕ್ಕಿತು. ಮೂಳೆ ಕೂಡಿಸಿದವರು ಎರಡಿಂಚು ಗಿಡ್ಡವಾಗಿ ಕೂಡಿಸಿದರು. ಅಲ್ಲಿಗೆ ಸಂತೆ ಸುತ್ತುವ ಬಾಳು ಮುಗಿಯಿತು. ಇಷ್ಟನ್ನು ಹಣೆಬರಹ ಅಂದುಕೊಂಡು ನುಂಗಬಹುದಿತ್ತು. ನುಂಗಲಾರದ್ದು ಆಮೇಲೆ ನೀವು ಬಂದು ಮಾಡಿದ್ದು. ಹತ್ತು ಜನ ಸೇರಿದ ಅಂಗಳದಲ್ಲಿ ಇಂಜಿನ್ ಬಿಚ್ಚಿ, ತಲೆ ಅಲ್ಲಾಡಿಸಿ, “ನಮ್ ಅಳಿಯ ಖುರ್ಷಿದ್ ಪಾಷಾ ಎಲ್ಲಿ ಯಾವ್ ಎಣ್ಣೆ ಹಾಕ್ಸಿದ್ರೋ, ಇಂಜಿನ್ ಸುಟ್ಟೋಗದೆ” ಅಂದಿರಿ. ಅವರು ಒಂದೇ ಒಂದು ಸಲ, ಅವಸರಕ್ಕೆ, ಬಸ್ ಸ್ಟಾಂಡಿನ ಅಂಗಡಿಯಿಂದ ಕಾಲು ಲೀಟರ್ ಲೂಸ್ ಎಣ್ಣೆ ತಂದು ಹಾಕಿದ್ದರು. ಪಾಪ, ಅದೇ ಕಾರಣ ಎಂದು ನಂಬಿಬಿಟ್ಟರು. ಹಾಸಿಗೆಯಲ್ಲಿ ಮಲಗಿಕೊಂಡೇ ನಿಮ್ಮ ಕೈ ಹಿಡಿದು ಮಾಫಿ ಕೇಳಿದರು. ನೀವು ಮಾಫಿ ಕೊಟ್ಟಿರಿ. ನಾನು ಅಲ್ಲೇ ನಿಮಗೆ ಚಹಾ ಸೋಸುತ್ತಿದ್ದೆ.

ಮೂರೂವರೆ ವರ್ಷವಾಯಿತು, ನೀವು ಈ ಕಡೆ ತಲೆ ಹಾಕಿಲ್ಲ. ಅವರು ಮಾತ್ರ ಬಂದವರ ಮುಂದೆಲ್ಲ “ಮಾವ ಕೊಟ್ಟ ಗಾಡೀನ ನಾನೇ ಹಾಳ್ಮಾಡ್ಕಂಡೆ” ಎನ್ನುತ್ತಲೇ ಇರುತ್ತಾರೆ. ಹಾಗಲ್ಲ ಎಂದು ಹೇಳಲು ಬಾಯಿ ತೆರೆದಾಗಲೆಲ್ಲ ನಿಮ್ಮ ಮುಖ ಕಣ್ಣ ಮುಂದೆ ಬಂದು ಸುಮ್ಮನಾದೆ. ತವರಿನ ಮಾನ ದೊಡ್ಡದು ಎಂದು ನೀವೂ ಅಮ್ಮಿಯೂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಿರಿ.

ಹೋದ ಶುಕ್ರವಾರ ತುಮಕೂರಿಗೆ ಬಂದಿದ್ದೆ. ನೀವು ಜುಮ್ಮಾ ನಮಾಜಿಗೆ ಹೋಗಿದ್ದಿರಿ, ಬರುವ ಮೊದಲೇ ಹೊರಟೆ. ಗುಬ್ಬಿಗೆ ಹೋಗುವ ಗಾಡಿಯ ಎಣ್ಣೆ ಮುಚ್ಚಳ ಬಿಚ್ಚಿ ಬೆರಳದ್ದಿದೆ. ನೂಲೆಳೆಯಿತು. ಹಿಂದೆ ಸಲೀಮಾ ಬಂದು ನಿಂತಿದ್ದಳು. ಅವಳಿಗೂ ಗೊತ್ತಂತೆ. ಬಾಬಾ ಜಾನ್‌ಗೆ ಹೇಳೇ ಎಂದರೆ ಏನೆಂದಳು ಕೇಳಿ: “ನೀನು ಸುಮ್ನಿದ್ಯಲ್ಲಾ ಆಪಾ, ಹಂಗೇ ನಾನೂ ಇರ್ತೀನಿ.” ಅಷ್ಟು ಸಲೀಸಾಗಿ ಹೇಳಿದಳು. ನನಗೆ ಅವಳ ಕೆನ್ನೆಗೆ ಹೊಡೆಯುವಷ್ಟು ಕೋಪ ಬಂತು, ಆದರೆ ಹೊಡೆಯಲು ನನಗೇನು ಮುಖವಿದೆ?

ಅದಕ್ಕೇ ಈ ಕಾಗದ. ಈ ಶುಕ್ರವಾರದೊಳಗೆ ಆ ಎಣ್ಣೆ ಇಳಿಸಿ ನಲವತ್ತರದು ಹಾಕಿ. ಬಡಿದುಕೊಂಡರೆ ಬಡಿದುಕೊಳ್ಳಲಿ, ಹೊಗೆ ಬಂದರೆ ಬರಲಿ. ಬಾಬಾ ಜಾನನನ್ನು ಕರೆದು ಅವನ ಎದುರಿಗೇ ಚಾಲೂ ಮಾಡಿ, ಇದು ಸವೆದ ಇಂಜಿನ್, ಪಿಸ್ಟನ್ ಬದಲಾಯಿಸಬೇಕು ಎಂದು ಹೇಳಿ. ಅಥವಾ ಗಾಡಿಯೇ ಇಲ್ಲ ಅನ್ನಿ. ಗಾಡಿ ಇಲ್ಲವೆಂದು ಅವನು ಸಲೀಮಾಳನ್ನು ಬೇಡ ಅನ್ನುವುದಾದರೆ ಅದು ನಿಕಾಹ್‌ಗೆ ಮೊದಲೇ ತಿಳಿಯಲಿ. ನೀವು ಹೇಳದಿದ್ದರೆ ಶನಿವಾರ ನಾನೇ ಗುಬ್ಬಿಗೆ ಹೋಗಿ ಹೇಳುತ್ತೇನೆ. ತಂದೆಗೆ ಮಗಳು ಹೀಗೆ ಬರೆಯಬಾರದು, ಗೊತ್ತು. ತಂದೆ ಮಾಡಬಾರದ್ದನ್ನು ಮಾಡಿದಾಗ ಹೇಗೆ ಬರೆಯಬೇಕೆಂದು ಯಾರೂ ಕಲಿಸಿಲ್ಲ.

ಅಮ್ಮಿಗೆ ಸಲಾಂ. ಇದನ್ನು ಅವರಿಗೆ ಓದಿ ಹೇಳುವಾಗ ಅರ್ಧ ಬಿಟ್ಟು ಓದುತ್ತೀರಿ, ಓದಿ. ಸಲೀಮಾಳ ತಲೆ ಸವರಿ ನನ್ನ ದುವಾ ತಿಳಿಸಿ. ಅಲ್ಲಾಹ್ ನಿಮಗೆ ಆರೋಗ್ಯ ಕೊಡಲಿ. ಅದನ್ನು ಮನಸಾರೆ ಕೇಳುತ್ತೇನೆ, ಉಳಿದದ್ದನ್ನು ಕೇಳಲು ಆಗುತ್ತಿಲ್ಲ.

ನಿಮ್ಮ ಹಿರಿಯ ಮಗಳು
ಹಮೀದಾ

ತಾ.ಕ.: ಲಕೋಟೆಗೆ ಅಂಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಅಂಗಡಿಯಿಂದ ಬಂದು ಇದನ್ನು ಪೂರ್ತಿ ಓದಿಬಿಟ್ಟಿದ್ದರು. ಶನಿವಾರದ ಮಾತು ಇನ್ನಿಲ್ಲ, ಹನ್ನೊಂದು ಗಂಟೆಯ ಬಸ್ಸಿಗೆ ಅವರೇ ಗುಬ್ಬಿಗೆ ಹೊರಟರು. ನಿಮ್ಮ ಹೆಸರು ಎತ್ತಲಿಲ್ಲ, ನಿಮ್ಮನ್ನು ಬಯ್ಯಲಿಲ್ಲ. “ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಾ ಹಮೀದಾ?” ಎಂದು ಅಷ್ಟೇ ಕೇಳಿದರು. ಹೌದು ಎಂದೆ. ಮಗುವಿಗೆ ಸ್ವೆಟರ್ ಹಾಕಿ ಅವಳನ್ನೂ ಕರೆದುಕೊಂಡು ಹೋಗಿದ್ದಾರೆ. ಯಾವಾಗ ಬರುತ್ತೀರಿ ಎಂದು ಎರಡು ಸಲ ಕೇಳಿದೆ, ಹೇಳಲಿಲ್ಲ.