ತುಂಬಿದ ಬ್ಯಾಟರಿ, ಇಳಿಜಾರು ದಾರಿ

ಮಾರ್ಚ್ 4, ಮಂಗಳವಾರ

ಬೆಟ್ಟದ ಮೇಲಿನ ಮಾನಿಸಾಲೆಸ್‌ನಿಂದ ಕೆಳಗಿನ ಚಿಂಚಿನಾ ಊರಿಗೆ ಹಾಲು. ಅದೇ ಇಳಿಜಾರು, ಅದೇ ತಿರುವುಗಳು. ಗಾಡಿ ಮಾತ್ರ ಬೇರೆ — ಎಲೆಕ್ಟ್ರಿಕ್ ಲಾರಿ. ಡೇರಿಯ ಡೀಸೆಲ್ ಲಾರಿಗಳ ಜಾಗಕ್ಕೆ ಇದು ಆದೀತೇ ಎಂದು ಮೂರು ವಾರ ಓಡಿಸಿ ನೋಡಬೇಕು. ಹತ್ತೊಂಬತ್ತು ವರ್ಷ ಈ ದಾರಿ ತುಳಿದವರು ಬೇರೆ ಯಾರೂ ಇಲ್ಲ. ಹಾಗಾಗಿ ನಾನೇ.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ದೊನ್ ಎವೆಲಿಯೊ ಗೇಟಿನಲ್ಲೇ ಶುರುಮಾಡಿದರು. “ಏನಮ್ಮ ಯಾಮಿಲೆ, ಮಿಕ್ಸಿ ತಗೊಂಡು ಹೊರಟ್ಯಾ?”

“ಹೂಂ, ಬರ್ತಾ ನಿಮಗೂ ಒಂದ್ಲೋಟ ಜ್ಯೂಸ್ ತರ್ತೀನಿ.”

ಚಾರ್ಜ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು. ಪೆಡಲಿನಿಂದ ಕಾಲೆತ್ತಿದರೆ ಸಾಕು, ಮೋಟಾರೇ ಗಾಡಿಯನ್ನು ಹಿಡಿಯುತ್ತದೆ. ಆ ಶಕ್ತಿ ಬ್ಯಾಟರಿಗೆ ವಾಪಸ್. ಬ್ರೇಕ್ ಮುಟ್ಟಿದ್ದು ಎರಡೇ ಸಲ!

ಮಾರ್ಚ್ 5, ಬೆಳಿಗ್ಗೆ 9.20, ಚಿಂಚಿನಾ

ಅಕ್ಷರ ಸೊಟ್ಟ.

ಇವತ್ತು ಚಾರ್ಜ್ ನೂರಕ್ಕೆ ನೂರು. ಪೂರ್ತಿ ಲೋಡ್. ಮೂರನೇ ತಿರುವಿನಲ್ಲಿ ಕಾಲೆತ್ತಿದೆ... ಹಿಡಿಯಲಿಲ್ಲ. ಲಾರಿ ಜಾರುತ್ತಲೇ ಇತ್ತು. ಮುಂದೆ ಮಕ್ಕಳು ತುಂಬಿದ ಜೀಪು. ಬ್ರೇಕ್ ಒತ್ತಿದೆ, ಒತ್ತಿದೆ. ಕೆಳಗಿಳಿಯುವಷ್ಟರಲ್ಲಿ ಸುಟ್ಟ ವಾಸನೆ. ಯಾರಿಗೂ ಏನೂ ಆಗಲಿಲ್ಲ.

ಹೆದರಿದೆ. ಈ ದಿನಚರಿಯಲ್ಲಾದರೂ ಬರೆಯಬಹುದಲ್ಲ.

ಅದೇ ದಿನ, ಸಂಜೆ

ಲಾರಿ ಕಂಪನಿಯ ಇಂಜಿನಿಯರ್ ಲಿಸೆತ್ ಎಲ್ಲ ತಪಾಸಣೆ ಮಾಡಿದಳು. “ಗಾಡೀಲಿ ಏನೂ ದೋಷ ಇಲ್ಲ ಮೇಡಂ. ಹೊಸದಲ್ವಾ, ಭಯ ಆಗಿರುತ್ತೆ.”

ದೊನ್ ಎವೆಲಿಯೊ ಉರಿದುಬಿದ್ದರು. “ಇವಳಿಗೆ ಭಯಾನಾ? ಜ್ವಾಲಾಮುಖಿ ಬೂದಿ ಉಗುಳ್ತಿದ್ದಾಗ್ಲೂ ಊರಿಗೆ ಹಾಲು ಮುಟ್ಟಿಸಿದೋಳು ಕಣಮ್ಮ!”

ನಾನು ಕೀಲಿ ಮೇಜಿನ ಮೇಲಿಟ್ಟು ಮನೆಗೆ ಹೊರಟೆ.

ಮಾರ್ಚ್ 9, ಭಾನುವಾರ

ನಾಲ್ಕು ದಿನ ಗಾಡಿ ಮುಟ್ಟಿಲ್ಲ. ಇವತ್ತು ಬೆಲ್ಲದ ನೀರು ಕಾಯಿಸುತ್ತಾ ನಿಂತಿದ್ದಾಗ ಹೊಳೆಯಿತು. ತುಂಬಿದ ಬ್ಯಾಟರಿಯಲ್ಲಿ ಇಳಿಜಾರಿನ ಶಕ್ತಿಗೆ ಜಾಗವೆಲ್ಲಿ? ಜಾಗವಿಲ್ಲದಿದ್ದರೆ ಮೋಟಾರು ಹಿಡಿಯುವುದಿಲ್ಲ. ಕಂಪನಿಯವರು ಓಡಿಸಿ ನೋಡಿದ್ದು ಬಯಲಿನಲ್ಲಿ. ನಮ್ಮ ಡಿಪೋ ಇರುವುದು ಬೆಟ್ಟದ ನೆತ್ತಿಯಲ್ಲಿ!

ಚಾರ್ಜ್ ಎಂಬತ್ತಕ್ಕೇ ನಿಲ್ಲಿಸಿದರೆ?

ಮಾರ್ಚ್ 11

ಲಿಸೆತ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ನೂರು ಚಾರ್ಜ್, ಖಾಲಿ ಗಾಡಿ, ನಿಧಾನ. ಮೂರನೇ ತಿರುವಿನಲ್ಲಿ ಕಾಲೆತ್ತಿದೆ.

“ಅಯ್ಯೋ ದೇವ್ರೇ! ಬ್ರೇಕ್ ಹಾಕಿ!”

“ಹೊಸ ಗಾಡಿ ಅಲ್ವಾ ಇಂಜಿನಿಯರಮ್ಮ, ಭಯ ಆಗಿರುತ್ತೆ.”

ಮಧ್ಯಾಹ್ನ ಎಂಬತ್ತು ಚಾರ್ಜ್, ಪೂರ್ತಿ ಲೋಡ್. ಪ್ರತಿ ತಿರುವಿನಲ್ಲೂ ಗಾಡಿ ಗಟ್ಟಿಯಾಗಿ ಹಿಡಿಯಿತು. ಖಾಲಿ ಕ್ರೇಟುಗಳೊಂದಿಗೆ ಬೆಟ್ಟ ಹತ್ತಿ ಬಂದಾಗಲೂ ಮೂವತ್ತೊಂದು ಉಳಿದಿತ್ತು. ಲಿಸೆತ್ ಕೆಳಗಿಳಿದವಳೇ, “ಮೇಡಂ, ಅವತ್ತು ಹಾಗೆ ಹೇಳಬಾರದಿತ್ತು,” ಎಂದಳು. ಒಳ್ಳೆಯ ಹುಡುಗಿ.

ಮಾರ್ಚ್ 21

ಮ್ಯಾನೇಜರ್ ಕೊಟ್ಟ ಫಾರಂನಲ್ಲಿ ಎರಡೇ ಚೌಕ: ಪಾಸು, ಫೇಲು. ಎರಡನ್ನೂ ಬಿಟ್ಟೆ. ಅಡಿಯಲ್ಲಿ ಬರೆದೆ: ‘ಎಂಬತ್ತಕ್ಕಿಂತ ಹೆಚ್ಚು ಚಾರ್ಜ್ ಮಾಡಿ ಈ ಡಿಪೋದಿಂದ ಇಳಿಸಕೂಡದು. ಇದಕ್ಕೆ ಒಪ್ಪುವುದಾದರೆ ತರಿಸಿ.’ ಮ್ಯಾನೇಜರ್ ಮುಖ ಗಂಟು ಹಾಕಿದ. ಲಿಸೆತ್ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಾನೂ ಸಹಿ ಹಾಕಿದಳು.

ಜೂನ್‌ನಲ್ಲಿ ಆರು ಗಾಡಿ ಬರುತ್ತವೆ.

ಮಾರ್ಚ್ 24, ಬೆಳಿಗ್ಗೆ 6.10

ದೊನ್ ಎವೆಲಿಯೊ ಬಂದು ನೆಲ ನೋಡುತ್ತಾ ಕೇಳಿದರು, “ನಾನೊಂದ್ಸಲ ಓಡಿಸ್ಲಾ?” ಕೀಲಿ ಕೊಟ್ಟೆ. ಪಕ್ಕದ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ.

“ಹಿಡೀತು ಕಣೇ! ತಾನಾಗೇ ಹಿಡೀತು!” — ಮುದುಕರ ಮುಖ ನೋಡಬೇಕು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಿಟಕಿಯಾಚೆ ನೋಡಲು ಪುರುಸೊತ್ತು. ಕಣಿವೆಯುದ್ದಕ್ಕೂ ಕಾಫಿ ಹೂ ಬಿಟ್ಟಿದೆ. ಎಂಜಿನ್ ಸದ್ದಿಲ್ಲ, ಕೆಳಗಿನ ಹೊಳೆ ಕೇಳಿಸುತ್ತಿದೆ. ಈ ದಾರಿಯಲ್ಲಿ ಹೊಳೆ ಇಷ್ಟು ಹತ್ತಿರ ಇದೆಯೆಂದು ಇವತ್ತೇ ಗೊತ್ತಾಯಿತು.