ಮಾವ ಕಲಿಸಿದ ಕೊರಿಯಾ ಭಾಷೆ

ಮಾವಾ,

ಪೂಜ್ಯ, ತೀರ್ಥರೂಪ ಎಂದೆಲ್ಲ ಬರೆಯಲು ಮನಸ್ಸಿಲ್ಲ. ‘ನೀವು’ ಎನ್ನುವುದೂ ಬಾಯಿಗೆ ಅಂಟಿದ ಅಭ್ಯಾಸ, ಅಷ್ಟೆ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ನಾನು ರಜೆಗೆಂದು ಸಾಗರಕ್ಕೆ ಬಂದು ಎಂಟು ದಿನ.

ಲಿಂಗನಮಕ್ಕಿಯಲ್ಲಿ ನೀರು ನಿಂತ ವರ್ಷ, ಇಂಗ್ಲಿಷ್ ಕಲಿಸಲು ಬನ್ನಿ ಎಂದು ಕೊರಿಯಾದ ಮಿಶನ್ ಶಾಲೆಯೊಂದರಿಂದ ನನಗೆ ಕಾಗದ ಬಂತಲ್ಲ, ಊರಿಗೆಲ್ಲ ಸಾರಿದವರು ನೀವೇ. ಅಲ್ಲಿನ ಯುದ್ಧ ನಿಂತ ಮೇಲೆ ಕೈದಿಗಳ ಶಿಬಿರ ಕಾಯಲು ಹೋದ ನಮ್ಮ ಪಡೆಯಲ್ಲಿ ನೀವೂ ಕೆಲವು ತಿಂಗಳು ಇದ್ದವರು. ಹೊಸನಗರದ ಹೋಟೆಲಿನ ಬೆಂಚಿನ ಮೇಲೆ ಆ ಕೆಲವು ತಿಂಗಳು ಎಷ್ಟು ವರ್ಷಗಳಾಗಿ ಬೆಳೆದಿದ್ದವೋ! “ಕೊರಿಯಾ ಭಾಷೆ ನಂಗೆ ನೀರು ಕುಡ್ದಂಗೆ. ಭಾನುವಾರ ಬಾರೆ, ಕಲಿಸ್ತೀನಿ” ಎಂದಿರಿ.

ಏಳು ಭಾನುವಾರ ಬಸ್ಸು ಹಿಡಿದು ಬಂದೆ. ನೀವು ಆರಾಮಕುರ್ಚಿಯಲ್ಲಿ, ನಾನು ಚಾಪೆಯ ಮೇಲೆ. ‘ಅಂಜಾ’ ಅಂದರೆ ಕೂರು. “ಅಂಜು ಅಂತ ನೆನಪಿಟ್ಕೊ. ಅಂಜಿದೋರು ಕೂರ್ತಾರೆ” ಎಂದು ನಕ್ಕಿರಿ. ‘ಇರಿವಾ’ ಅಂದರೆ ಬಾ ಇಲ್ಲಿ, ‘ಪಲ್ಲಿ’ ಅಂದರೆ ಬೇಗ. ಇವೆರಡನ್ನು ಅಡುಗೆಮನೆಯಲ್ಲಿದ್ದ ಅತ್ತೆಯ ಮೇಲೆಯೇ ಪ್ರಯೋಗಿಸಿ ತೋರಿಸಿದಿರಿ: “ಇರಿವಾ! ಕಾಫಿ, ಪಲ್ಲಿ!” ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತು...

ಶಾಲೆಯ ಮೊದಲ ದಿನ ಅಲ್ಲಿನ ಮುಖ್ಯೋಪಾಧ್ಯಾಯರು, ತಲೆ ಪೂರ್ತಿ ನರೆತವರು, ನನ್ನನ್ನು ಎದುರುಗೊಳ್ಳಲು ಎದ್ದು ನಿಂತರು. ಅಷ್ಟು ಹಿರಿಯರು ನಿಂತಿದ್ದಾರಲ್ಲ ಎಂದು ನಾನೇ ಕುರ್ಚಿ ಎಳೆದು, ನೀವು ಕಲಿಸಿದಂತೆ ಗಟ್ಟಿಯಾಗಿ ಹೇಳಿದೆ: “ಅಂಜಾ!” ಕೋಣೆಯಲ್ಲಿದ್ದ ಟೀಚರುಗಳೆಲ್ಲ ತಲೆ ತಗ್ಗಿಸಿದರು. ಮುಖ್ಯೋಪಾಧ್ಯಾಯರು ಕೂತರು. ಸಂಜೆ ಜೊತೆಯ ಟೀಚರೊಬ್ಬಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ನಮ್ಮ ಹಾಗೆ ಅವರಿಗೂ ಹಿರಿಯರಿಗೊಂದು, ಕಿರಿಯರಿಗೊಂದು ಮಾತಿನ ರೀತಿ ಉಂಟಂತೆ. ನಾನಾಡಿದ್ದು ನಾಯಿಗೆ, ಸಣ್ಣ ಮಕ್ಕಳಿಗೆ ಹೇಳುವಂಥದ್ದಂತೆ. ಮರುದಿನ ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ಆ ಹಿರಿಯರು ಕೇಳಿದ್ದು ಒಂದೇ: “ನಿಮಗೆ ಕಲಿಸಿದವರು ಸಿಪಾಯಿಯೆ?”

ಹೌದು ಎನ್ನಲು ನನಗೆ ಎಷ್ಟು ನಾಚಿಕೆಯಾಯಿತು, ಗೊತ್ತೆ? ಸಮುದ್ರ ದಾಟಿ ಹೋಗಿ, ತಿರುಗಿ ಮಾತಾಡಲಾಗದವರ ಮೇಲೆ ಎಸೆಯುವ ಹತ್ತಿಪ್ಪತ್ತು ಮಾತು ಹೆಕ್ಕಿಕೊಂಡು ಬಂದಿರಿ. ಅದನ್ನೇ ಭಾಷೆ ಎಂದಿರಿ. ಒಬ್ಬ ಕೈದಿಯನ್ನಾದರೂ ನಿನ್ನ ಹೆಸರೇನು ಎಂದು ಕೇಳಿದ್ದಿರಾ? ಊಟವಾಯಿತಾ ಎಂದು?

ಮೊನ್ನೆ ಹೊಸನಗರದಲ್ಲಿ ಅತ್ತೆಗೆ ಇದೆಲ್ಲ ಹೇಳಿದೆ. ಅವರು ನಗಲಿಲ್ಲ. “ಪಲ್ಲಿ ಗೊತ್ತು, ಇರಿವಾನೂ ಗೊತ್ತು. ಕೂರು ಅನ್ನಕ್ಕೂ ಒಂದು ಮಾತಿತ್ತೇನೆ? ನಂಗೆ ಒಂದಿನಾನೂ ಅದನ್ನ ಅಂದಿಲ್ವಲ್ಲೆ ನಿನ್ನ ಮಾವ!”

ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ನಿನ್ನೆ ಅತ್ತೆ ತೀರ್ಥಹಳ್ಳಿಗೆ, ತಂಗಿಯ ಮನೆಗೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಪುರೋಹಿತರು ಸಿಕ್ಕಿ, “ಮುಂದಿನ ತಿಂಗಳು ಯಜಮಾನ್ರ ವರ್ಷದ ತಿಥಿ, ನೆನಪಿದ್ಯಲ್ಲಮ್ಮ?” ಎಂದರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು:

“ನೋಡಾಣ ಭಟ್ರೆ. ಪುರ್ಸೊತ್ತಾದ್ರೆ ಬರ್ತೀನಿ.”